ದಸರಾ ರಜೆಗೆ ಮಗಳನ್ನು ಗುಂಪಿನ ಜೊತೆ ಜಪಾನಿಗೆ ಕಳಿಸಬೇಕಾ? ಹೋಟೆಲ್ ಪ್ಲಾನ್, ಮನೆವಾಸದ ಪ್ಲಾನ್, ಯಾವುದು?

ತುಂಗಾತೀರ · ಜೂನ್ 8

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಮಗಳಿಗೆ ಹದಿನಾಲ್ಕು ತುಂಬಿದೆ, ಒಂಬತ್ತನೇ ಕ್ಲಾಸ್. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಅಂದರೆ ಎಲ್ಲೂ ಕಳಿಸೋಕಾಗಲ್ಲ. ಈ ದಸರಾ ರಜೆಗೆ ಶಾಲೆಯಿಂದ 16 ಮಕ್ಕಳು, ಇಬ್ಬರು ಟೀಚರ್ ಜಪಾನಿಗೆ ಹೋಗುತ್ತಿದ್ದಾರೆ. ಹತ್ತು ದಿನ. ಎರಡು ಪ್ಲಾನ್ ಕೊಟ್ಟು ಯಾವುದು ಬೇಕು ಅಂತ ಪೋಷಕರನ್ನು ಕೇಳಿದ್ದಾರೆ.

ಮೊದಲನೆಯದು ಟೋಕಿಯೋ, ಡಿಸ್ನಿಲ್ಯಾಂಡ್, ಫ್ಯೂಜಿ ಬೆಟ್ಟ, ಒಸಾಕಾ. ಪೂರ್ತಿ ಹೋಟೆಲ್. ಎರಡನೆಯದರಲ್ಲಿ ಟೋಕಿಯೋ ಎರಡೇ ದಿನ. ಒಂದು ದಿನ ಅಲ್ಲಿನ ಶಾಲೆಯಲ್ಲಿ. ಆಮೇಲೆ ಹಿರೋಷಿಮಾ. ಕೊನೆಗೆ ಅಲ್ಲಿಂದ ದೋಣಿಯಲ್ಲಿ ಹೋಗುವ ಒಂದು ದ್ವೀಪದ ಹಳ್ಳಿಯಲ್ಲಿ ಮೂರು ರಾತ್ರಿ, ರೈತರ ಮನೆಗಳಲ್ಲಿ. ಒಂದು ಮನೆಗೆ ಇಬ್ಬರು ಮಕ್ಕಳು. ಎರಡಕ್ಕೂ ಹತ್ತಿರ ಹತ್ತಿರ ಎರಡೂವರೆ ಲಕ್ಷ.

ನಮ್ಮ ಯಜಮಾನರಿಗೆ ಮೊದಲನೆಯದೇ ಸರಿ ಅನ್ನಿಸಿದೆ. "ಗುರುತು ಪರಿಚಯ ಇಲ್ಲದವರ ಮನೆಯಲ್ಲಿ ಹೆಣ್ಣುಮಗುನ ಮೂರು ರಾತ್ರಿ ಬಿಡೋದಾ?" ಅಂತಾರೆ. ಅವರ ಮಾತೂ ಸುಳ್ಳಲ್ಲ ಅಲ್ವಾ. ನಾವು ಮೊಟ್ಟೆ ಕೂಡ ತಿನ್ನಲ್ಲ. ಮಗಳು ಬಹಳ ಮೌನಿ, ತೀರ್ಥಹಳ್ಳಿಯ ದೊಡ್ಡಮ್ಮನ ಮನೆಗೆ ಹೋದರೂ ನನ್ನ ಸೆರಗು ಬಿಡಲ್ಲ. ಆದರೆ ಶಾಲೆಯ ಫಾರಂನಲ್ಲಿ ಅವಳೇ ಎರಡನೆಯದಕ್ಕೆ ಗುರುತು ಹಾಕಿಕೊಂಡು ಬಂದಿದ್ದಾಳೆ. ಹೋಗಿ ಬಂದವರು, ಕಳಿಸಿದವರು ದಯವಿಟ್ಟು ಹೇಳಿ.

ಮೂರು ಮಕ್ಕಳ ಅಪ್ಪ · ಜೂನ್ 8

ಮೇಡಂ, ನಿಮ್ಮ ಯಜಮಾನರ ಪರ ನನ್ನ ಓಟು. ಹೋಟೆಲ್ ಅಂದರೆ ಟೀಚರ್ ಪಕ್ಕದ ರೂಮಿನಲ್ಲೇ ಇರ್ತಾರೆ. ರಾತ್ರಿ ಜ್ವರ ಬಂದರೆ ಹಳ್ಳಿಯಲ್ಲಿ, ಭಾಷೆ ಬಾರದ ಕಡೆ ಮಗು ಯಾರಿಗೆ ಹೇಳುತ್ತೆ? ನಾನಾಗಿದ್ದರೆ ಈ ವಯಸ್ಸಿಗೆ ಕಳಿಸ್ತಿರಲಿಲ್ಲ.

ಕರಿಹಲಗೆ · ಜೂನ್ 9

ತುಂಗಾತೀರ ಮೇಡಂ, ನಾನು ಹೈಸ್ಕೂಲ್ ಮೇಷ್ಟ್ರು. ಮಕ್ಕಳ ಗುಂಪಿನ ಜೊತೆ ಎರಡು ಸಲ ಜಪಾನಿಗೆ ಹೋಗಿ ಬಂದಿದ್ದೇನೆ. ಒಂದು ಸಲ ಪೂರ್ತಿ ಹೋಟೆಲ್, ಇನ್ನೊಂದು ಸಲ ಮನೆಗಳಲ್ಲಿ. ಎರಡನ್ನೂ ಕಣ್ಣಾರೆ ಕಂಡಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೋಂಸ್ಟೇ ಅಂದ ಕೂಡಲೇ ನಮಗೆ ಕೊಡಗು, ಚಿಕ್ಕಮಗಳೂರು ನೆನಪಾಗುತ್ತೆ. ದುಡ್ಡು ಕೊಟ್ಟು ರೂಮು, ರಾತ್ರಿ ಬೆಂಕಿ ಹಾಕಿ ಹಾಡು. ಇದು ಅದಲ್ಲ. ಆ ಮೂರು ದಿನ ನಿಮ್ಮ ಮಗಳು ಆ ಮನೆಯ ಮಗಳು. ಅವರ ಜೊತೆ ತೋಟಕ್ಕೆ ಹೋಗಬೇಕು, ತಟ್ಟೆ ತೊಳೆಯಬೇಕು, ಹಾಸಿಗೆ ಮಡಿಸಿಡಬೇಕು. ಈ ಪದ್ಧತಿ ಇವತ್ತಿನದಲ್ಲ. 1932ರಲ್ಲಿ ಅಮೆರಿಕದ ಡೊನಾಲ್ಡ್ ವಾಟ್ ಅನ್ನುವವರು ಹುಡುಗರ ಗುಂಪೊಂದನ್ನು ಯುರೋಪಿಗೆ ಕರೆದುಕೊಂಡು ಹೋದರು. ಅಲ್ಲಿಂದ ಶುರುವಾದ ಸಂಸ್ಥೆ ಮುಂದೆ ಮಕ್ಕಳನ್ನು ಮನೆಗಳಲ್ಲೇ ಇರಿಸೋಕೆ ಹೆಸರಾಯಿತು. ಎಎಫ್‌ಎಸ್ ಅಂತ ಇನ್ನೊಂದು ಸಂಸ್ಥೆ ಇದೆ. ಯುದ್ಧದಲ್ಲಿ ಆಂಬ್ಯುಲೆನ್ಸ್ ಓಡಿಸಿ ಗಾಯಾಳುಗಳನ್ನು ಹೊತ್ತವರು ಕಟ್ಟಿದ್ದು. ಎರಡು ಮಹಾಯುದ್ಧ ನೋಡಿದ ಆ ಜನ 1947ರಲ್ಲಿ ಶಾಲಾ ಮಕ್ಕಳ ವಿನಿಮಯಕ್ಕೆ ಕೈ ಹಾಕಿದರು. ಶತ್ರು ದೇಶ ಅಂತ ಕರೆಸಿಕೊಂಡ ಕಡೆಯ ಮನೆಯಲ್ಲಿ ಕೂತು ಊಟ ಮಾಡಿದ ಹುಡುಗ ಆ ದೇಶದ ಮೇಲೆ ಸುಲಭಕ್ಕೆ ದ್ವೇಷ ಸಾಧಿಸಲಾರ ಅನ್ನೋದು ಅವರ ನಂಬಿಕೆ.

ಈಗ ನಾನು ಕಂಡಿದ್ದು ಹೇಳ್ತೀನಿ. ಹೋಟೆಲ್ ಪ್ರವಾಸದಲ್ಲಿ ಮಕ್ಕಳು ಬಸ್ಸಿನಿಂದ ಇಳಿದು ಫೋಟೋ ತೆಗೆದು ಮತ್ತೆ ಬಸ್ಸು ಹತ್ತಿದರು. ರಾತ್ರಿ ಒಂದೇ ರೂಮಿನಲ್ಲಿ ಎಲ್ಲರೂ ಸೇರಿ ಊರಿನಿಂದ ತಂದ ಚಕ್ಕುಲಿ ತಿಂದರು. ಖುಷಿಯಾಗಿಯೇ ಇದ್ದರು, ಇಲ್ಲ ಅನ್ನಲ್ಲ. ಕೊನೆ ದಿನ ಕೇಳಿದೆ, ಜಪಾನಿನವರು ಎಷ್ಟು ಜನರ ಜೊತೆ ಮಾತಾಡಿದಿರಿ ಅಂತ. ಅಂಗಡಿಯವರನ್ನು ಬಿಟ್ಟರೆ ಯಾರೂ ಇಲ್ಲ.

ಇನ್ನೊಂದು ಸಲದ್ದು ಬೇರೆ. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗ, ಮನೆಯಲ್ಲಿ ತನ್ನ ತಟ್ಟೆ ತಾನು ಎತ್ತಿದವನಲ್ಲ. ಅವನು ಉಳಿದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿತ್ತು. ಹೊರಡುವ ದಿನ ಬೆಳಿಗ್ಗೆ ಎಲ್ಲರೂ ಬಸ್ ನಿಲ್ಲುವ ಕಡೆ ಸೇರಿದೆವು. ಈ ಹುಡುಗನ ಕಾಲಲ್ಲಿ ಆ ತಾತನ ಗಂಬೂಟು. ಮುಂಜಾನೆ ತೋಟಕ್ಕೆ ಹೋಗಿದ್ದವನು ಹಾಗೇ ಬಂದುಬಿಟ್ಟಿದ್ದ, ಶೂ ಅವರ ಬಾಗಿಲಲ್ಲೇ ಉಳಿದಿತ್ತು. ತಾತ ಸ್ಕೂಟರಿನಲ್ಲಿ ಶೂ ತಂದುಕೊಟ್ಟರು. ಗಂಬೂಟು ಬಿಚ್ಚಿಕೊಡುವಾಗ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಅವನ ಅಪ್ಪ ಆಮೇಲೆ ನನ್ನ ಹತ್ತಿರ ಬಂದು, "ಸರ್, ಇವನಿಗೆ ಅಲ್ಲಿ ಏನು ಮಾಡಿದ್ರಿ? ಅಜ್ಜನಿಗೆ ದಿನಾ ಕಾಫಿ ಕೊಡ್ತಾನೆ" ಅಂದರು. ನಾನೇನೂ ಮಾಡಿರಲಿಲ್ಲ.

ನಿಮ್ಮ ಯಜಮಾನರ ಭಯ ನ್ಯಾಯವಾದದ್ದು. ಅದಕ್ಕೆ ಉತ್ತರ ಶಾಲೆ ಕೊಡಬೇಕು. ಮನೆಯವರ ಹೆಸರು, ಮನೆಯಲ್ಲಿ ಯಾರ್ಯಾರು ಇರ್ತಾರೆ, ಹೆಂಗಸರು ಇದ್ದಾರಾ, ಮಕ್ಕಳಿಗೆ ಬೇರೆ ಕೋಣೆ ಇದೆಯಾ, ಟೀಚರ್ ಎಷ್ಟು ದೂರದಲ್ಲಿ ಇರ್ತಾರೆ, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ. ಇಷ್ಟನ್ನೂ ಒಂದು ತಿಂಗಳು ಮುಂಚೆ ಬರೆದುಕೊಡಿ ಅನ್ನಿ. ಕೊಡದಿದ್ದರೆ ಕಳಿಸಬೇಡಿ. ಕೊಟ್ಟರೆ ಎರಡನೆಯದಕ್ಕೇ ಕಳಿಸಿ.

ಬಳ್ಳಾರಿ ಬಿಸಿಲು · ಜೂನ್ 9

ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ನಮ್ಮ ಮಗನ ಗುಂಪಿಗೆ ಬೇರೆ ದೇಶದಲ್ಲಿ ನಾಲ್ಕು ರಾತ್ರಿ ಮನೆವಾಸ ಅಂತ ಹೇಳಿ ದುಡ್ಡು ಕಟ್ಟಿಸಿಕೊಂಡರು. ಹೊರಡುವ ಐದು ದಿನ ಮುಂಚೆ "ಮನೆಗಳು ಸಿಗಲಿಲ್ಲ, ಹಾಸ್ಟೆಲ್ ಮಾಡಿದ್ದೇವೆ" ಅಂದರು. ಕಾಗದದಲ್ಲಿ ಬರೆದಿದ್ದು "ಮನೆವಾಸ ಅಥವಾ ಅದಕ್ಕೆ ಸಮನಾದ ವಸತಿ". ಆ ಒಂದು ಪದ ಓದದೆ ಸಹಿ ಹಾಕಿದ್ದೆವು. ನೀವು ಪ್ರತಿ ಸಾಲು ಓದಿ. ವಿದೇಶದ ಟೂರ್ ಪ್ಯಾಕೇಜಿಗೆ ಟಿಸಿಎಸ್ ಅಂತ ಮೊದಲೇ ತೆರಿಗೆ ಹಿಡೀತಾರೆ, ಅದು ಹೇಳಿದ ಮೊತ್ತದೊಳಗೆ ಬಂತಾ ಇಲ್ವಾ ಕೇಳಿ. ಆ ದುಡ್ಡನ್ನು ಐಟಿ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತಗೋಬಹುದು, ಎಷ್ಟೋ ಜನ ಮರೀತಾರೆ.

ಟೋಕಿಯೋ ಕನ್ನಡತಿ · ಜೂನ್ 10

ನಾನು ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಊಟದ ವಿಷಯ ನನಗೆ ಬಿಡಿ.

ಅಕ್ಕ, ಇಲ್ಲಿ "ಮಾಂಸ ತಿನ್ನಲ್ಲ" ಅಂದರೆ ಸಾಲದು. ಮೀನನ್ನು ಇವರು ಮಾಂಸದ ಲೆಕ್ಕಕ್ಕೆ ಸೇರಿಸಲ್ಲ. ಅದಕ್ಕಿಂತ ದೊಡ್ಡದು ದಾಶಿ. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಇವರ ಅಡುಗೆಗೆ ದಾಶಿ ಹಾಗೆ. ಒಣಗಿಸಿದ ಬೊನಿಟೋ ಮೀನಿನ ಹೆರೆತದಿಂದ ತೆಗೆದ ನೀರು. ನೋಡೋಕೆ ಬರೀ ತೋಫು, ಸೊಪ್ಪು ಇರುವ ಮಿಸೋ ಸಾರಿನಲ್ಲೂ ಅದು ಇರುತ್ತೆ. ಹಾಗಾಗಿ "ಮೀನು, ಮಾಂಸ, ಮೊಟ್ಟೆ, ಮೀನಿನ ದಾಶಿ ತಿನ್ನುವುದಿಲ್ಲ. ಕೊಂಬು ದಾಶಿ ಆಗುತ್ತೆ" ಅಂತ ಜಪಾನಿಯಲ್ಲಿ ಬರೆದ ಚೀಟಿ ಮಗಳ ಹತ್ತಿರ ಇರಲಿ. ಕೊಂಬು ಅಂದರೆ ಕಡಲ ಪಾಚಿ. ಚೀಟಿ ನಾನೇ ಬರೆದುಕೊಡ್ತೀನಿ, ಮೆಸೇಜ್ ಮಾಡಿ. ಮುಂಚೆ ಹೇಳಿದರೆ ಹಳ್ಳಿಯವರು ಮೂರು ದಿನ ತಲೆ ಕೆಡಿಸಿಕೊಂಡು ಮಾಡ್ತಾರೆ. ತಟ್ಟೆ ಮುಂದೆ ಬಂದ ಮೇಲೆ ಹೇಳಿದರೆ ಅವರಿಗೆ ಬಹಳ ನೋವಾಗುತ್ತೆ.

ಹಸಿ ಕರಿಬೇವು, ಹಣ್ಣು, ತರಕಾರಿ ತರಬೇಡಿ. ಸರ್ಟಿಫಿಕೇಟ್ ಇಲ್ಲದಿದ್ದರೆ ಏರ್‌ಪೋರ್ಟಿನಲ್ಲೇ ತೆಗೆದುಹಾಕ್ತಾರೆ. ನೆಗಡಿ ಮಾತ್ರೆ ತರುವ ಮುಂಚೆ ಡಾಕ್ಟರಿಗೆ ತೋರಿಸಿ, ಸೂಡೋಎಫೆಡ್ರಿನ್ ಜಾಸ್ತಿ ಇರುವ ಮಾತ್ರೆ ಇಲ್ಲಿ ತರುವ ಹಾಗಿಲ್ಲ. ಚಾರ್ಜರ್‌ಗೆ ಚಪ್ಪಟೆ ಎರಡು ಕಡ್ಡಿಯ ಪಿನ್ ಬೇಕು. ಅಡುಗೆ ಸಾಮಾನು ಬೇಕಾದರೆ ಟೋಕಿಯೋದಲ್ಲಿ ನಿಶಿ ಕಸಾಯ್ ಅಂತ ಇದೆ. ಭಾರತದವರು ತುಂಬಾ ಇರುವ ಜಾಗ. ಸಾಸಿವೆ, ಕಡಲೆಬೇಳೆ, ಅರಿಶಿನ ಎಲ್ಲಾ ಅಲ್ಲಿ ಸಿಗುತ್ತೆ.

ಮಕ್ಕಳು ಟೋಕಿಯೋದಲ್ಲಿದ್ದಾಗ ಉಎನೋ ಮೃಗಾಲಯಕ್ಕೆ ಹೋದರೆ ಒಂದು ಕತೆ ತಿಳಿದಿರಲಿ. ಯುದ್ಧ ಕಾಲದಲ್ಲಿ, 1943ರಲ್ಲಿ, ಅಲ್ಲಿನ ಆನೆಗಳನ್ನು ಹಸಿವಿನಿಂದ ಸಾಯಲು ಬಿಟ್ಟರು. ಯುದ್ಧ ಮುಗಿದ ಮೇಲೆ ಟೋಕಿಯೋದ ಮಕ್ಕಳು ನಮಗೆ ಆನೆ ನೋಡಬೇಕು ಅಂತ ನೆಹರೂ ಅವರಿಗೆ ನೂರಾರು ಪತ್ರ ಬರೆದರು. ನೆಹರೂ 1949ರಲ್ಲಿ ಒಂದು ಹೆಣ್ಣಾನೆ ಕಳಿಸಿದರು, ಮಗಳ ಹೆಸರನ್ನೇ ಇಟ್ಟು, ಇಂದಿರಾ ಅಂತ. ಆ ಆನೆ ನಮ್ಮ ಮೈಸೂರಿನದು. ಅದಕ್ಕೆ ಗೊತ್ತಿದ್ದ ಭಾಷೆ ಕನ್ನಡ ಒಂದೇ. ಜೊತೆಗೆ ಹೋಗಿದ್ದ ಮಾವುತರಿಂದ ಅಲ್ಲಿನವರು ಆನೆಗೆ ಹೇಳುವ ಕನ್ನಡ ಮಾತು ಕಲಿಯಬೇಕಾಯಿತು. 1983ರವರೆಗೆ ಬದುಕಿತ್ತು. ಇಲ್ಲಿನ ವಯಸ್ಸಾದವರ ಹತ್ತಿರ ನಾನು ಮೈಸೂರು ಕಡೆಯವಳು ಅಂದರೆ ಈಗಲೂ ಕೆಲವರು ಇಂದಿರಾ ಅಂತಾರೆ. ಕೇಳಿದಾಗೆಲ್ಲ ನನಗೆ ಗಂಟಲು ಕಟ್ಟುತ್ತೆ.

ಗಡಿನಾಡ ಶಾಲೆ · ಜೂನ್ 11

ಎಲ್ಲಾ ಸರಿ. ಆದರೆ ಎರಡೂವರೆ ಲಕ್ಷ ಅಂದರೆ ನಮ್ಮ ಶಾಲೆಯ ಮಕ್ಕಳ ಮನೆಯಲ್ಲಿ ಎರಡು ವರ್ಷದ ದುಡಿಮೆ. ನಾನು ಸರ್ಕಾರಿ ಹೈಸ್ಕೂಲ್ ಶಿಕ್ಷಕಿ. ನನ್ನ ಕ್ಲಾಸಿನಲ್ಲೂ ಇಂಥ ಮೌನದ ಹುಡುಗಿಯರಿದ್ದಾರೆ. ಅವರು ಫಾರಂನಲ್ಲಿ ಗುರುತು ಹಾಕುವ ಪ್ರಶ್ನೆಯೇ ಬರಲ್ಲ. ಯಾರನ್ನೂ ನೋಯಿಸೋಕೆ ಹೇಳ್ತಿಲ್ಲ, ಈ ಚರ್ಚೆಯಲ್ಲಿ ಈ ಮಾತೂ ಇರಲಿ ಅಂತ.

ಕರಿಹಲಗೆ · ಜೂನ್ 11

ಟೀಚರ್, ನೀವು ಹೇಳಿದ್ದು ಸರಿ. ಒಂದು ದಾರಿ ನನಗೆ ಗೊತ್ತಿರುವುದು ಹೇಳ್ತೀನಿ. ಜಪಾನಿನ ವಿಜ್ಞಾನ ತಂತ್ರಜ್ಞಾನ ಸಂಸ್ಥೆ 2014ರಿಂದ ಸಕುರಾ ಸೈನ್ಸ್ ಅಂತ ವಿನಿಮಯ ಕಾರ್ಯಕ್ರಮ ನಡೆಸುತ್ತೆ. 2016ರಿಂದ ಭಾರತವೂ ಅದರಲ್ಲಿದೆ. ಹೈಸ್ಕೂಲ್ ಮಕ್ಕಳನ್ನು ಸುಮಾರು ಒಂದು ವಾರ ಕರೆಸಿಕೊಳ್ತಾರೆ. ಮಕ್ಕಳ ಆಯ್ಕೆ ಸರ್ಕಾರದ ಕಡೆಯಿಂದ ಆಗುತ್ತೆ, ಸರ್ಕಾರಿ ಶಾಲೆಯ ಮಕ್ಕಳೂ ಹೋಗಿದ್ದಾರೆ. ಅಮೆರಿಕಕ್ಕೆ ಹೋಗುವ ಯೆಸ್ ಅನ್ನುವ ವಿದ್ಯಾರ್ಥಿವೇತನ ಇನ್ನೊಂದು. ಅಲ್ಲಿನ ಸರ್ಕಾರ ಕೊಡೋದು, ಒಂದು ವರ್ಷ ಮನೆಯೊಂದರಲ್ಲಿದ್ದು ಶಾಲೆಗೆ ಹೋಗಬೇಕು. ಸೀಟು ಬಹಳ ಕಡಿಮೆ. ಆದರೂ ನಿಮ್ಮ ಮಕ್ಕಳಿಗೆ ಈಗಲೇ ಪಾಸ್‌ಪೋರ್ಟ್ ಮಾಡಿಸಿಡಿ. ಅವಕಾಶ ಬಂದಾಗ ಪಾಸ್‌ಪೋರ್ಟ್ ಇಲ್ಲದೆ ಹೆಸರು ಬಿಟ್ಟುಹೋದ ಮಗುವನ್ನು ನಾನು ನೋಡಿದ್ದೇನೆ. ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು, ಹಾಗಾಗಿ ಕಾಗದ ಓಡಾಟಕ್ಕೆ ಸಮಯ ಹಿಡಿಯುತ್ತೆ.

ಗಡಿನಾಡ ಶಾಲೆ · ಜೂನ್ 11

ಥ್ಯಾಂಕ್ಸ್ ಸರ್. ನಾಳೆ ಹೆಡ್‌ಮಾಸ್ಟರ್ ಹತ್ತಿರ ಮಾತಾಡ್ತೀನಿ. ಆ ಆನೆಯ ಕತೆ ಇವತ್ತೇ ಕ್ಲಾಸಿನಲ್ಲಿ ಹೇಳಿದೆ. ಟೋಕಿಯೋ ಅಕ್ಕ, ನಮ್ಮ ಮಕ್ಕಳು ಪತ್ರ ಬರೆದರೆ ಅಲ್ಲಿನ ಯಾವುದಾದರೂ ಶಾಲೆಗೆ ತಲುಪಿಸ್ತೀರಾ?

ಟೋಕಿಯೋ ಕನ್ನಡತಿ · ಜೂನ್ 11

ಖಂಡಿತ. ನನ್ನ ಮಗನ ಶಾಲೆಯಲ್ಲೇ ಕೇಳ್ತೀನಿ. ಕನ್ನಡದಲ್ಲೇ ಬರೀಲಿ, ಅನುವಾದ ನಾನು ಮಾಡ್ತೀನಿ.

ಧಾರವಾಡ ಹುಡುಗ · ಜೂನ್ 12

ನಾನು ಈಗ ಪಿಯುಸಿ. ಎರಡು ವರ್ಷದ ಹಿಂದೆ ಶಾಲೆಯ ಗುಂಪಿನ ಜೊತೆ ಜರ್ಮನಿಗೆ ಹೋಗಿದ್ದೆ. ಒಂದು ವಾರ ಅಲ್ಲಿನ ಹುಡುಗನ ಮನೆಯಲ್ಲಿ ಇದ್ದೆ. ಮೊದಲ ದಿನ ರಾತ್ರಿ ಊಟಕ್ಕೆ ತಣ್ಣಗಿನ ಬ್ರೆಡ್, ಚೀಸ್, ಸೌತೆಕಾಯಿ. ಬಿಸಿ ಅಡುಗೆ ಆಮೇಲೆ ಬರುತ್ತೆ ಅಂತ ಕಾಯುತ್ತಾ ಕೂತಿದ್ದೆ. ಬರಲಿಲ್ಲ. ಅವರಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ ಅಂದರೆ ಅಷ್ಟೇ. ಹಾಸಿಗೆಯಲ್ಲಿ ಅತ್ತು ಅವ್ವಗೆ ಫೋನ್ ಮಾಡಿದೆ. ಅವ್ವ ಗಾಬರಿಯಾಗಿ ಟೀಚರಿಗೆ ಫೋನ್ ಮಾಡಿದಳು, ಟೀಚರ್ ಆ ಮನೆಗೆ ಫೋನ್ ಮಾಡಿದರು. ಆ ಆಂಟಿ ರಾತ್ರಿ ಹತ್ತಕ್ಕೆ ಎದ್ದು ನನಗೋಸ್ಕರ ನೂಡಲ್ಸ್ ಮಾಡಿದರು. ಅವರ ಮುಖ ನೋಡೋಕಾಗಲಿಲ್ಲ ನನಗೆ. ಮರುದಿನ ನಾನೇ ಹೇಳಿದೆ, ನಮ್ಮಲ್ಲಿ ರಾತ್ರಿ ಬಿಸಿ ಅನ್ನ ತಿಂತೀವಿ ಅಂತ. "ಮೊದಲೇ ಹೇಳಬಾರದಿತ್ತಾ" ಅಂದರು. ಆಮೇಲೆ ಎಲ್ಲಾ ಚೆನ್ನಾಗಿತ್ತು.

ಆಂಟಿ, ನೀವು ದಿನಾ ಫೋನ್ ಮಾಡಬೇಡಿ. ಅಮ್ಮನ ದನಿ ಕೇಳಿದರೆ ನಾವು ಅಲ್ಲಿರೋಕಾಗಲ್ಲ.

ತುಂಗಾತೀರ · ಜುಲೈ 19

ಶಾಲೆಯವರು ಮನೆಯವರ ವಿವರ ಕೊಟ್ಟರು. ವಿಡಿಯೋ ಕಾಲ್ ಕೂಡ ಮಾಡಿಸಿದರು. ಅಜ್ಜಿ, ಅವರ ಸೊಸೆ, ಹದಿಮೂರು ವರ್ಷದ ಮೊಮ್ಮಗಳು. ನಿಂಬೆ ಮತ್ತು ಕಿತ್ತಳೆ ತೋಟ. ನಮ್ಮ ಯಜಮಾನರು ಕಾಲ್ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆ ಅಜ್ಜಿ ಅವರಿಗೆ, "ನಿಮ್ಮ ಮಗಳು ಕತ್ತಲಿಗೆ ಹೆದರುತ್ತಾಳಾ? ದೀಪ ಹಾಕಿಡಲಾ?" ಅಂತ ಕೇಳಿದ್ದರಂತೆ. ಎರಡನೇ ಪ್ಲಾನಿಗೆ ಸಹಿ ಹಾಕಿದ್ದಾರೆ.

ತುಂಗಾತೀರ · ನವೆಂಬರ್ 2

ಬಹಳ ದಿನ ಆಯ್ತು, ಕ್ಷಮಿಸಿ. ಮಗಳು ಹೋಗಿ ಬಂದಳು. ಇಲ್ಲಿ ಎಲ್ಲರೂ ಅಷ್ಟು ಸಮಯ ಕೊಟ್ಟು ಬರೆದಿದ್ದೀರಿ, ಹಾಗಾಗಿ ವಿವರವಾಗಿ ಹೇಳಲೇಬೇಕು.

ಫೋನ್ ವಿಷಯ ಮೊದಲು. ಧಾರವಾಡದ ಪುಟ್ಟ, ನಿನ್ನ ಮಾತು ಕೇಳಿದೆ. ಟೀಚರ್ ದಿನಕ್ಕೊಂದು ಮೆಸೇಜ್ ಹಾಕುತ್ತಿದ್ದರು, ಅಷ್ಟೇ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ನಮ್ಮಲ್ಲಿ ಸಂಜೆ ಆರೂವರೆ ಆದರೆ ಅವಳು ಮಲಗಿರ್ತಾಳೆ ಅಂತ ದಿನಾ ಗಡಿಯಾರ ನೋಡಿಕೊಂಡು ಕೂರುತ್ತಿದ್ದೆ. ನವರಾತ್ರಿಯ ಗೊಂಬೆ ಜೋಡಿಸುವಾಗ ಎರಡು ಸಲ ಫೋನ್ ಕೈಗೆ ತಗೊಂಡು ಮತ್ತೆ ಇಟ್ಟೆ.

ಅಲ್ಲಿನ ಶಾಲೆಯಲ್ಲಿ ಊಟ ಆದ ಮೇಲೆ ಮಕ್ಕಳೇ ಕ್ಲಾಸು, ವರಾಂಡ, ಶೌಚಾಲಯ ಎಲ್ಲಾ ತೊಳೆದರಂತೆ. ಒದ್ದೆ ಬಟ್ಟೆ ಎರಡೂ ಕೈಯಲ್ಲಿ ಒತ್ತಿ ಹಿಡಿದು, ಬಗ್ಗಿ, ಉದ್ದದ ವರಾಂಡದಲ್ಲಿ ಓಡೋದು. ನಮ್ಮ ಮಕ್ಕಳೂ ಸಾಲಾಗಿ ನಿಂತು ಓಡಿದ್ದಾರೆ. ಇವಳು ಜಾರಿ ಬಿದ್ದಳಂತೆ. ಪಕ್ಕದ ಹುಡುಗಿಯೂ ಬಿದ್ದಳಂತೆ. ಇಬ್ಬರೂ ನಕ್ಕು ನಕ್ಕು ಏಳೋಕೇ ಆಗಲಿಲ್ಲ ಅಂದಳು. ಅವಳು ಅಲ್ಲಿ ಮಾಡಿಕೊಂಡ ಮೊದಲ ಗೆಳತಿ ಅವಳೇ.

ಹಿರೋಷಿಮಾ ಬಗ್ಗೆ ಬಂದ ದಿನ ಏನೂ ಹೇಳಲಿಲ್ಲ. ಒಂದು ವಾರ ಆದ ಮೇಲೆ, ಬೆಳಿಗ್ಗೆ ನಾನು ಟಿಫಿನ್ ಡಬ್ಬಿ ಕಟ್ಟುತ್ತಿದ್ದೆ. ಪಕ್ಕದಲ್ಲಿ ಬಂದು ನಿಂತಳು. ಅಲ್ಲಿನ ಮ್ಯೂಸಿಯಂನಲ್ಲಿ ಒಂದು ಊಟದ ಡಬ್ಬಿ ಇದೆಯಂತೆ. ಹದಿಮೂರು ವರ್ಷದ ಹುಡುಗನದು. 1945ರ ಆಗಸ್ಟ್ 6ರಂದು, ಬೆಳಿಗ್ಗೆ 8.15ಕ್ಕೆ ಬಾಂಬ್ ಬಿದ್ದಾಗ ಅವನು ಶಾಲೆಯ ಮಕ್ಕಳ ಜೊತೆ ಕಟ್ಟಡ ಕೆಡವುವ ಕೆಲಸಕ್ಕೆ ಹೋಗಿದ್ದ. ಅಮ್ಮ ಹುಡುಕಿಕೊಂಡು ಹೋದಾಗ ಮಗನ ಹತ್ತಿರ ಆ ಡಬ್ಬಿ ಸಿಕ್ಕಿತು. ಒಳಗಿನ ಅನ್ನ ಇದ್ದಲಾಗಿತ್ತು. "ಅವನು ಊಟ ಮಾಡಿರಲಿಲ್ಲ ಅಮ್ಮ" ಅಂದಳು. ನಾನು ಡಬ್ಬಿ ಅಲ್ಲೇ ಇಟ್ಟು ಅವಳನ್ನು ಹಿಡಿದುಕೊಂಡೆ. ಬಾಂಬ್ ಬಿದ್ದ ಮೂರೇ ದಿನಕ್ಕೆ ಆ ಊರಿನ ಜನ ಟ್ರಾಮ್ ಓಡಿಸಲು ಶುರು ಮಾಡಿದರಂತೆ, ಅದನ್ನೂ ಹೇಳಿದಳು. ಗುಂಪಿನವರೆಲ್ಲ ಸೇರಿ ಕಾಗದದ ಕೊಕ್ಕರೆ ಮಡಿಸಿ ಸಡಾಕೋ ಸ್ಮಾರಕದ ಹತ್ತಿರ ಇಟ್ಟು ಬಂದಿದ್ದಾರೆ. ಎರಡು ವರ್ಷದ ಮಗುವಾಗಿದ್ದಾಗ ಬಾಂಬ್ ಕಂಡು, ಹನ್ನೆರಡಕ್ಕೆ ರಕ್ತದ ಕ್ಯಾನ್ಸರಿನಿಂದ ಹೋದ ಹುಡುಗಿ. ಆ ಸ್ಮಾರಕಕ್ಕೆ ದುಡ್ಡು ಕೂಡಿಸಲು ಓಡಾಡಿದವರು ಅವಳ ಸಹಪಾಠಿಗಳು.

ಇನ್ನು ಆ ಮನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೊರಮುಖವಾಗಿ ತಿರುಗಿಸಿಡೋದು, ಶೌಚಾಲಯಕ್ಕೆ ಬೇರೆ ಚಪ್ಪಲಿ, ಸ್ನಾನದ ತೊಟ್ಟಿಗೆ ಇಳಿಯುವ ಮುಂಚೆ ಹೊರಗೇ ಮೈ ತೊಳೆದುಕೊಳ್ಳೋದು. ತೊಟ್ಟಿಯ ನೀರನ್ನು ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಬಳಸ್ತಾರೆ, ಚೆಲ್ಲಬಾರದು. ಇದನ್ನೆಲ್ಲ ಟೀಚರ್ ಮೊದಲೇ ಹೇಳಿಕೊಟ್ಟಿದ್ದರು. ಆದರೂ ಮೊದಲ ದಿನ ಶೌಚಾಲಯದ ಚಪ್ಪಲಿಯಲ್ಲೇ ಹಜಾರಕ್ಕೆ ಬಂದುಬಿಟ್ಟಳಂತೆ. ಅಜ್ಜಿ ಬೈಯಲಿಲ್ಲ. ಬಗ್ಗಿ, ಸದ್ದಿಲ್ಲದೆ ಚಪ್ಪಲಿ ಬದಲಾಯಿಸಿಟ್ಟರಂತೆ.

ಎರಡನೇ ದಿನ ತೋಟದಲ್ಲಿ ನಿಂಬೆ ಕೊಯ್ದರು. ಅಕ್ಟೋಬರ್‌ನಲ್ಲಿ ಅಲ್ಲಿ ಹಸಿರು ನಿಂಬೆಯ ಕಾಲ. ಜಪಾನಿನಲ್ಲಿ ನಿಂಬೆ ಅತಿ ಹೆಚ್ಚು ಬೆಳೆಯುವುದು ಹಿರೋಷಿಮಾ ಕಡೆಯೇ ಅಂತೆ. ನಮ್ಮದಕ್ಕಿಂತ ದೊಡ್ಡ ಕಾಯಿ, ಸಿಪ್ಪೆ ದಪ್ಪ. ಸಂಜೆ ಇವಳು, ಜೊತೆಗಿದ್ದ ಗೆಳತಿ, ಆ ಮೊಮ್ಮಗಳು ಸೇರಿ ಚಿತ್ರಾನ್ನ ಮಾಡಿದ್ದಾರೆ. ಸಾಸಿವೆ, ಬೇಳೆ, ಅರಿಶಿನವನ್ನು ಟೀಚರ್ ನಿಶಿ ಕಸಾಯ್‌ನಲ್ಲಿ ಕೊಡಿಸಿದ್ದರು. ಟೋಕಿಯೋ ಅಕ್ಕ, ನಿಮಗೆ ಎಷ್ಟು ಹೇಳಿದರೂ ಸಾಲದು. ಅನ್ನ ಅಂಟು ಅಂಟು. ಕರಿಬೇವಿಲ್ಲ. ಸಾಸಿವೆ ಸಿಡಿದಾಗ ಅಜ್ಜಿ ಬೆಚ್ಚಿ ಹಿಂದೆ ಸರಿದರಂತೆ. ಮುದ್ದೆಯಾದ ಚಿತ್ರಾನ್ನವನ್ನು ಅಜ್ಜಿ ಕೈ ಒದ್ದೆ ಮಾಡಿಕೊಂಡು ತ್ರಿಕೋನದ ಉಂಡೆ ಮಾಡಿ ಮರುದಿನದ ಡಬ್ಬಿಗೆ ಹಾಕಿಕೊಟ್ಟರು. ಅವರಲ್ಲಿ ಒನಿಗಿರಿ ಅಂತಾರಲ್ಲ, ಹಾಗೆ. ಹಳದಿ ಬಣ್ಣದ ಆ ಮೂರು ಉಂಡೆಗಳ ಫೋಟೋ ನನ್ನ ಫೋನಿನಲ್ಲಿದೆ.

ಮಗಳು ಈಗಲೂ ಮೌನಿಯೇ. ಆದರೆ ಕಳೆದ ಭಾನುವಾರ ದೊಡ್ಡಮ್ಮನ ಮನೆಗೆ ಹೋದಾಗ ನನ್ನನ್ನು ಬಿಟ್ಟು ನೇರ ಅಡುಗೆಮನೆಗೆ ಹೋದಳು, ಏನು ಮಾಡ್ಲಿ ಅಂತ ಕೇಳಿದಳು.

ಮೂರು ಮಕ್ಕಳ ಅಪ್ಪ · ನವೆಂಬರ್ 2

ಮೇಡಂ, ಜೂನ್‌ನಲ್ಲಿ ನಾನು ಬರೆದಿದ್ದನ್ನು ಮತ್ತೆ ಓದಿದೆ. ನನ್ನ ದೊಡ್ಡವಳು ಎಂಟನೇ ಕ್ಲಾಸ್. ಶಾಲೆಯವರು ಕೊಟ್ಟ ಆ ವಿವರದ ಕಾಗದ ಇದ್ದರೆ, ಹೆಸರು ಅಳಿಸಿ ಕಳಿಸ್ತೀರಾ? ಯಾವ್ಯಾವ ಪ್ರಶ್ನೆ ಕೇಳಬೇಕು ಅಂತ ತಿಳಿದಿರಲಿ.

ಗಡಿನಾಡ ಶಾಲೆ · ನವೆಂಬರ್ 4

ನಮ್ಮ 31 ಮಕ್ಕಳ ಪತ್ರಕ್ಕೆ ಉತ್ತರ ಬಂದಿದೆ. ಒಬ್ಬ ಹುಡುಗ ಆನೆಯ ಚಿತ್ರ ಬರೆದು ಕೆಳಗೆ ಕನ್ನಡದಲ್ಲಿ "ಬಾ" ಅಂತ ಬರೆದಿದ್ದಾನೆ. ಅಕ್ಷರ ಸೊಟ್ಟ, ಆದರೆ ಓದೋಕಾಗುತ್ತೆ. ನಾಲ್ಕು ಮಕ್ಕಳ ಪಾಸ್‌ಪೋರ್ಟ್ ಅರ್ಜಿ ಹಾಕಿಸಿದ್ದೇನೆ.

ತುಂಗಾತೀರ · ಜನವರಿ 21

ಈಗ ನಾನು ಇನ್ನೊಂದು ಸಹಾಯ ಕೇಳಬೇಕು. ಮಾರ್ಚ್ ಕೊನೆಗೆ ಜಪಾನಿನಲ್ಲಿ ಶಾಲೆಗೆ ರಜೆ. ಆ ಅಜ್ಜಿಯ ಮೊಮ್ಮಗಳು ಗುಂಪಿನ ಜೊತೆ ಶಿವಮೊಗ್ಗಕ್ಕೆ ಬರುತ್ತಿದ್ದಾಳೆ, ನಾಲ್ಕು ರಾತ್ರಿ ನಮ್ಮ ಮನೆಯಲ್ಲಿ. ಅಷ್ಟೊತ್ತಿಗೆ ನಮ್ಮಲ್ಲಿ ಬಿಸಿಲು ಶುರು. ನಮ್ಮದು ಸಸ್ಯಾಹಾರ, ಅವಳು ದಿನಾ ಮೀನು ತಿನ್ನುವವಳು. ಖಾರ ಗೊತ್ತಿಲ್ಲ. ಬೆಳಿಗ್ಗೆ ತಿಂಡಿಗೆ ಏನು ಮಾಡಲಿ? ಸ್ನಾನಕ್ಕೆ ತೊಟ್ಟಿ ಇಲ್ಲ, ಬಕೆಟ್ಟು. ನಮ್ಮ ಯಜಮಾನರು ಆಗಲೇ ಅವಳ ಕೋಣೆಗೆ ಸೊಳ್ಳೆಪರದೆ ತಂದು, ರಾತ್ರಿ ಉರಿಯುವ ಸಣ್ಣ ದೀಪ ಹಾಕಿಸಿದ್ದಾರೆ.

ಟೋಕಿಯೋ ಕನ್ನಡತಿ · ಜನವರಿ 21

ಇಡ್ಲಿ ಮಾಡಿ ಅಕ್ಕ. ಚಟ್ನಿಗೆ ಹಸಿಮೆಣಸು ಬೇಡ. ಮೊಸರನ್ನಕ್ಕೆ ಸಕ್ಕರೆ ಕೇಳಿದರೆ ಕೊಡಿ, ಬಲವಂತ ಬೇಡ. ಕುಡಿಯೋಕೆ ಕುದಿಸಿ ಆರಿಸಿದ ನೀರು, ಹಲ್ಲುಜ್ಜಲೂ ಅದೇ. ಬಕೆಟ್ ಸ್ನಾನ ಅವಳಿಗೆ ಹೊಸದಲ್ಲ, ಇಲ್ಲೂ ಸಣ್ಣ ಮಣೆ ಮೇಲೆ ಕೂತು ಮೈ ತೊಳೀತಾರೆ. ಒಂದು ಸಣ್ಣ ಮಣೆ ಇಟ್ಟುಬಿಡಿ, ಸಾಕು. ಅವಳ ಅಮ್ಮ ದಿನಾ ಫೋನ್ ಮಾಡದ ಹಾಗೆ ನಾನು ಹೇಳಿರ್ತೀನಿ.